ನಾನು ಕಂಡುಹಿಡಿದ ಹೊಸ ಕಣ

ವಿಶ್ವದ ಗುಟ್ಟು ಕೊನೆಗೂ ಒಬ್ಬ ಮೈಸೂರಿನವನ ಕೈಗೆ ಸಿಕ್ಕಿತು ಎಂದು ನನಗೆ ಖಚಿತವಾದದ್ದು ದುರ್ಗಾಪೂಜೆಯ ರಜೆ ಮುಗಿದ ಮಾರನೆಯ ದಿನ. ಕಲ್ಕತ್ತೆಯ ಸಾಲ್ಟ್ ಲೇಕಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ನನಗೆ ಕೆಲಸ. ಯೂರೋಪಿನ ನೆಲದಡಿಯಲ್ಲಿ ಭಾರಿ ಯಂತ್ರವೊಂದು ಪ್ರೋಟಾನುಗಳನ್ನು ಒಂದಕ್ಕೊಂದು ಗುದ್ದಿಸುತ್ತದೆ. ಆ ಗುದ್ದಾಟದ ಮಾಹಿತಿಯೆಲ್ಲ ನನ್ನ ಕಂಪ್ಯೂಟರಿಗೆ ಬರುತ್ತದೆ. ನಾನು ಗ್ರಾಫ್ ಎಳೆದು ನೋಡುತ್ತ ಕೂರುತ್ತೇನೆ. ಗೆರೆ ನುಣ್ಣಗೆ ಇಳಿದರೆ ಪ್ರಪಂಚ ಪುಸ್ತಕದಲ್ಲಿದ್ದ ಹಾಗೇ ಇದೆ ಎಂದರ್ಥ. ನಡುವೆ ಗುಡ್ಡ ಎದ್ದರೆ ಅಲ್ಲೊಂದು ಹೊಸ ಕಣವಿದೆ ಎಂದರ್ಥ. ಎಷ್ಟೋ ವರ್ಷಗಳಿಂದ ನನ್ನ ಗೆರೆ ನುಣ್ಣಗೇ ಇಳಿಯುತ್ತಿತ್ತು. ಬಡ್ತಿಯ ಆಸೆಯೂ ಅದರ ಜೊತೆಗೇ ಇಳಿಯುತ್ತಿತ್ತು.

ಆ ದಿನ ಗುಡ್ಡ ಎದ್ದಿತ್ತು! ಚಿಕ್ಕದಲ್ಲ, ಸಾಕ್ಷಾತ್ ಚಾಮುಂಡಿ ಬೆಟ್ಟ! ಕೂಡಲೇ ಮನೆಗೆ ಫೋನ್ ಮಾಡಿದೆ.

"ವತ್ಸಲಾ, ಸಿಕ್ತು ಕಣೇ!"

"ಗ್ಯಾಸ್ ಪುಸ್ತಕಾನಾ?" ಎಂದಳು ನನ್ನ ಹೆಂಡತಿ.

"ಅಲ್ವೇ, ಹೊಸ ಕಣ! ಪ್ರಪಂಚದಲ್ಲಿ ಯಾರೂ ನೋಡಿಲ್ಲ!"

"ಅದಕ್ಕೆ ಪ್ರಮೋಷನ್ ಕೊಡ್ತಾರಾ?"

"ಕೊಡದೆ ಏನು! ಮನೆ ಬಾಗಿಲಿಗೆ ತಂದು ಕೊಡ್ತಾರೆ!"

ಇಂಥ ಹೊತ್ತಿನಲ್ಲಿ ಮೊದಲು ನಾಲ್ಕು ಜನ ಸಹೋದ್ಯೋಗಿಗಳಿಗೆ ತೋರಿಸಿ, ತಪ್ಪು ಹುಡುಕಿಸಿ, ಆಮೇಲೆ ಬಾಯಿ ಬಿಡಬೇಕು ಎಂಬುದು ನಮ್ಮ ವೃತ್ತಿಧರ್ಮ. ನಾನು ಅದನ್ನು ಗಾಳಿಗೆ ತೂರಿ ನೇರವಾಗಿ ನಿರ್ದೇಶಕ ಘೋಷ್ ಬಾಬುಗಳ ಕೊಠಡಿಗೆ ನುಗ್ಗಿದೆ. "ದಾರುಣ್! ದಾರುಣ್!" ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಬಂಗಾಳಿಯಲ್ಲಿ ಅದಕ್ಕೆ ಭರ್ಜರಿ ಎಂದರ್ಥ. ನಾನು ಕನ್ನಡದ ಅರ್ಥವನ್ನೂ ಸ್ವಲ್ಪ ಗಮನಿಸಬೇಕಿತ್ತು. ಎದ್ದಾಗ 'ನಿಮ್ಮ ಶೋಧ' ಎಂದವರು, ಬಾಗಿಲು ದಾಟುವಷ್ಟರಲ್ಲಿ 'ನಮ್ಮ ಶೋಧ' ಎಂದರು. ಊಟದ ಹೊತ್ತಿಗೆ ಅದು 'ನನ್ನ ಮಾರ್ಗದರ್ಶನದಲ್ಲಿ ನಡೆದ ಶೋಧ' ಆಗಿತ್ತು. ಶುಕ್ರವಾರ ಸಭಾಂಗಣದಲ್ಲಿ ನನ್ನ ಉಪನ್ಯಾಸ, ಎಲ್ಲರೂ ಕುಟುಂಬ ಸಮೇತ ಬರಬೇಕು, ಬಡ್ತಿ ಸಮಿತಿಯವರಿಗೆ ಮುಂದಿನ ಸಾಲು ಎಂದು ಸಂಜೆಯೊಳಗೆ ಸುತ್ತೋಲೆ ಹೊರಟಿತು.

ಇತ್ತ ವತ್ಸಲಾ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದಳು. ಡಮ್ ಡಮ್ ಬಡಾವಣೆಯಿಂದ ಸಂಘದ ಸದಸ್ಯ, ರೈಲ್ವೆ ಅಧಿಕಾರಿ ಶಾನಭಾಗರು ಉಪನ್ಯಾಸಕ್ಕೆ ಹಾರ ಹಿಡಿದುಕೊಂಡೇ ಬಂದರು. ಗ್ರಾಫ್ ಅಂದರೇನು ಎಂದು ಅವರಿಗೆ ಗೊತ್ತಿರಲಿಲ್ಲ. ಹಾರ ಮಾತ್ರ ಬಹಳ ದಪ್ಪಗಿತ್ತು.

ಶುಕ್ರವಾರ ನಾನು ವೇದಿಕೆಯ ಮೇಲೆ ನಿಂತು, ಮಾನವಕುಲ, ಜ್ಞಾನದಾಹ ಎಂದೆಲ್ಲ ಪೀಠಿಕೆ ಹಾಕಿ ಗುಂಡಿ ಒತ್ತಿದೆ. ಪರದೆಯ ತುಂಬ ಗುಡ್ಡ! ಅದರ ತುದಿಗೆ ಬಾಣ, ಬಾಣದ ಪಕ್ಕದಲ್ಲಿ ಕೆಂಪಕ್ಷರದಲ್ಲಿ ಹೊಸ ಕಣದ ತೂಕ: 412. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಕೂಡಲೇ ಎರಡನೆಯ ಸಾಲಿನಿಂದ ವತ್ಸಲಾಳ ದನಿ ಕೇಳಿಸಿತು.

"ರೀ, ಅದು ನಮ್ಮ ಫ್ಲ್ಯಾಟ್ ನಂಬರ್ ಅಲ್ವೇನ್ರೀ?"

ನಾನು ತಿರುಗಿ ಪರದೆಯನ್ನು ಇನ್ನೊಮ್ಮೆ ನೋಡಿದೆ. ಹೊಸ ಕೆಲಸದವಳು ನೆಟ್ಟಗೆ ಗುಡಿಸುತ್ತಾಳೋ ಎಂದು ನೋಡಲು ಮಂಚದ ಕೆಳಗೆ ಬೇಕೆಂದೇ ಕಸ ಹಾಕಿಡುತ್ತಾರಲ್ಲ, ನಮ್ಮಲ್ಲೂ ಅಂಥದೊಂದು ಪದ್ಧತಿಯಿದೆ. ಮಾಹಿತಿಯೊಳಗೆ ನಾವೇ ಒಂದು ಸುಳ್ಳು ಕಣವನ್ನು ಬೆರೆಸುತ್ತೇವೆ. ಪ್ರೋಗ್ರಾಮು ಅದನ್ನು ಹುಡುಕಿಕೊಟ್ಟರೆ ಪ್ರೋಗ್ರಾಮು ಸರಿಯಿದೆ ಎಂದರ್ಥ. ಆಮೇಲೆ ಸುಳ್ಳು ಕಣವನ್ನು ತೆಗೆದುಹಾಕಬೇಕು. ಪೂಜೆ ರಜೆಗೆ ಮುಂಚೆ ನಾನೂ ಒಂದನ್ನು ಬೆರೆಸಿದ್ದೆ. ತೂಕಕ್ಕೆ ಯಾವ ಸಂಖ್ಯೆ ಕೊಡಲಿ ಎಂದು ಯೋಚಿಸಲು ಸೋಮಾರಿತನವಾಗಿ ಫ್ಲ್ಯಾಟ್ ನಂಬರನ್ನೇ ಕೊಟ್ಟಿದ್ದೆ. ಪೆಂಡಾಲ್ ಸುತ್ತುವ ಆತುರದಲ್ಲಿ ತೆಗೆಯುವುದನ್ನು ಮರೆತಿದ್ದೆ!

"ಮೇಡಂ ಏನೆನ್ನುತ್ತಿದ್ದಾರೆ?" ಎಂದು ಘೋಷ್ ಬಾಬು ಕೇಳಿದರು.

ಅಲ್ಲಿ ಕನ್ನಡ ಬಲ್ಲವರು ನಾನು, ವತ್ಸಲಾ, ಶಾನಭಾಗರು, ಅಷ್ಟೇ. ಸುಳ್ಳು ಹೇಳಲು ಇದಕ್ಕಿಂತ ಅನುಕೂಲ ಯಾರಿಗೆ ಸಿಕ್ಕೀತು? "ಎಸಿ ಜಾಸ್ತಿಯಾಯಿತಂತೆ, ಸರ್" ಎಂದೆ. ತಕ್ಷಣ ಎಸಿ ನಿಲ್ಲಿಸಿದರು. ಕಲ್ಕತ್ತೆಯ ಸೆಕೆ ಒಳಗೆ ನುಗ್ಗಿತು. ಬಡ್ತಿ ಸಮಿತಿಯವರು ಸುತ್ತೋಲೆಯಿಂದಲೇ ಗಾಳಿ ಬೀಸಿಕೊಳ್ಳತೊಡಗಿದರು.

ವತ್ಸಲಾ ಬಿಡಬೇಕಲ್ಲ! ಗಂಡ ಮನೆಯ ಮೇಲಿನ ಪ್ರೀತಿಗೆ ಕಣಕ್ಕೆ ಆ ನಂಬರ್ ಇಟ್ಟಿದ್ದಾನೆಂದು ಅವಳಿಗೆ ಕಣ್ಣಲ್ಲಿ ನೀರೇ ಬಂದಿತ್ತು. ಎದ್ದು ನಿಂತು, ಎಲ್ಲರಿಗೂ ತಿಳಿಯಲಿ ಎಂದು ಹಿಂದಿಯಲ್ಲಿ ಸಾರಿದಳು: "ಚಾರ್ ಸೌ ಬಾರಾ! ಹಮಾರಾ ಫ್ಲ್ಯಾಟ್ ನಂಬರ್! ಇನ್ಹೋನೇ ಖುದ್ ರಖಾ ಹೈ!"

ಖುದ್ದು ಇಟ್ಟದ್ದು ನಾನೇ. ಇನ್ನು ಮುಚ್ಚಿಡುವುದೇನು? ಒಪ್ಪಿಕೊಂಡೆ. ಘೋಷ್ ಬಾಬು ಕರವಸ್ತ್ರದಿಂದ ಮುಖ ಒರೆಸಿಕೊಂಡು, "ಇದು ಅವರ ಸ್ವಂತ ಸಂಶೋಧನೆ, ಇದಕ್ಕೂ ಸಂಸ್ಥೆಗೂ ಸಂಬಂಧವಿಲ್ಲ" ಎಂದು ಮೈಕಿನಲ್ಲಿ ಘೋಷಿಸಿದರು. ಇಡೀ ವಾರದಲ್ಲಿ ಅವರು ನನಗೊಬ್ಬನಿಗೇ ಶ್ರೇಯಸ್ಸು ಕೊಟ್ಟದ್ದು ಅದೊಂದೇ ಸಲ. ಶಾನಭಾಗರು, ತಂದ ಮೇಲೆ ವಾಪಸ್ ಒಯ್ಯುವುದು ಚೆನ್ನಾಗಿರುವುದಿಲ್ಲ ಎಂದು ಹಾರ ಹಾಕಿಯೇಬಿಟ್ಟರು!

ಆಟೋದಲ್ಲಿ ವತ್ಸಲಾ ಮುಖ ಸಣ್ಣದು ಮಾಡಿಕೊಂಡಿದ್ದಳು. "ನಾನು ಬಾಯಿ ಮುಚ್ಕೊಂಡಿರಬೇಕಿತ್ತು, ಅಲ್ವಾ?"

"ಇಲ್ಲ ಕಣೇ. ಇಲ್ಲಿ ಮಾನ ಹೋಗಿದ್ದು ಸಾಲ್ಟ್ ಲೇಕಿಗೆ ಮಾತ್ರ ಗೊತ್ತು. ನೀನು ಹೇಳದೆ ಇದ್ದಿದ್ರೆ ಪ್ರಬಂಧ ಅಚ್ಚಾಗಿ ಪ್ರಪಂಚಕ್ಕೇ ಗೊತ್ತಾಗ್ತಿತ್ತು" ಎಂದೆ. ನಿಜವಾಗಿ ನನಗೆ ಅಳು ಬರುವಂತಾಗಿತ್ತು.

ಬಡ್ತಿ ಕೊನೆಗೆ ಪಕ್ಕದ ಕೊಠಡಿಯ ಭಟ್ಟಾಚಾರ್ಯರಿಗೆ ಸಿಕ್ಕಿತು. ಸೇವೆಗೆ ಸೇರಿದಂದಿನಿಂದ ಅವರು ಏನನ್ನೂ ಕಂಡುಹಿಡಿದಿಲ್ಲ, ಆದ್ದರಿಂದ ಅವರ ಕೆಲಸದಲ್ಲಿ ಒಂದೂ ತಪ್ಪಿಲ್ಲ ಎಂದು ಸಮಿತಿ ಮೆಚ್ಚಿತಂತೆ. ನಾನು ಅವರಿಗಿಂತ ಒಂದು ಕಣ ಮುಂದಿದ್ದೆ, ಅದೇ ಎಡವಟ್ಟಾಯಿತು!