ಒಲಿ ಹಚ್ಚದ ಶ್ರೀಖಂಡ

ಬನಹಟ್ಟ್ಯಾಗ ನಮ್ಮ ತವರುಮನಿ ಒಂಥರಾ ಮನಿ. ಅಲ್ಲಿ ಒಂದು ಕೆಲಸ ಸುರು ಮಾಡಿದ್ರ ಅದು ಇನ್ನೊಂದೇ ಆಗಿ ಮುಗೀತೈತಿ. ಯಾರ ತಪ್ಪು ಅಂತ ನೋಡಾಕ ಹ್ವಾದ್ರ ಎಲ್ಲಾರೂ ಛಲೋ ಮಾಡಾಕ ಹೋದವ್ರೇ! ನನ್ನ ನೋಡಾಕ ಮುಧೋಳದವ್ರು ಬಂದಾಗಿನ ಕಥಿನೇ ಕೇಳ್ರಿ.

ಸೋರಿದ ಮಾಳಗಿ

ಹುಡುಗಂದು ಬ್ಯಾಂಕಿನ್ಯಾಗ ನೌಕರಿ, ಅವರಪ್ಪಂದು ಸೀರಿ ಅಂಗಡಿ. ಜಮಖಂಡಿ ಕಾಲೇಜಿನ್ಯಾಗ ನಾನು ಆ ಹುಡುಗನ್ನ ದೂರಿಂದ ನೋಡಿದ್ದೆ. ಈ ಸಂಬಂಧ ಕೂಡಲಪ್ಪಾ ದೇವ್ರ ಅಂತ ಒಳಗೊಳಗ ಬೇಡ್ಕೊಳ್ಳಾಕತ್ತಿದ್ದೆ.

"ನಾಳೆ ಮಧ್ಯಾಹ್ನ ಬರತೇವಿ" ಅಂತ ಹೇಳಿ ಕಳಿಸಿದ್ರು. ಅವ್ವ ಅಂದ್ಲು, "ಶ್ರೀಖಂಡ ಮಾಡೂಣು. ಒಲಿ ಹಚ್ಚೂದಿಲ್ಲ, ಪಾಕ ಹಿಡಿಯೂದಿಲ್ಲ, ಯಾವ ಗದ್ದಲೂ ಇಲ್ಲ."

ಬಿಳಿ ಧೋತರದ ತುಂಡಿನ್ಯಾಗ ಮೊಸರು ಕಟ್ಟಿ ಪಡಸಾಲಿ ತೊಲಿಗೆ ಜೋತು ಬಿಟ್ಲು. ಕೆಳಗ ಬೋಗಾಣಿ ಇಡೂದು ಮರತ್ಲು. ಕಾಕಾ ಹೊರಗಿಂದ ಬಂದವ್ನೇ ನೆಲಾ ತೋಯ್ದಿದ್ದು ನೋಡಿದ, ಮ್ಯಾಲೆ ನೋಡಲಿಲ್ಲ. "ಅಯ್ಯಯ್ಯ, ಮಾಳಗಿ ಸೋರಾಕತ್ತೈತಿ! ಬೀಗರ ಮುಂದ ಮಾನ ಹೋಗತೈತಿ!" ಅಂತ ತೂತು ಮುಚ್ಚಾಕ ಬುಟ್ಟಿ ಮಣ್ಣು ಹೊತ್ಕೊಂಡು ಮಾಳಗಿ ಏರಿ ಧಬಾಧಬಾ ಬಡಿದ. ತೊಲಿ ಸಂದ್ಯಾಗಿನ ಹಳೇ ಮಣ್ಣೆಲ್ಲಾ ಮೊಸರಿನ ಗಂಟಿನ ಮ್ಯಾಲೆ ಬಿತ್ತು.

ಅವ್ವ ತಲಿ ಬಡ್ಕೊಂಡ್ಲು. "ಅದು ಮಳಿ ನೀರಲ್ಲೋ, ಮೊಸರು!"

ಕಾಕಾ ಮಾಳಗಿಯಿಂದನೇ ಕೇಳಿದ, "ಅಲ್ರೀ ವೈನಿ, ಮಾಳಗಿ ಮ್ಯಾಲೆ ಮೊಸರು ಯಾರು ಇಟ್ಟಿದ್ರು?"

ಮಗ್ಗದ ಮನಿ ಅರಿವಿ

ಮರುದಿನ ಮುಂಜಾನೆದ್ದು ಬ್ಯಾರೆ ಮೊಸರು ತಂದ್ರು. ಕಟ್ಟಾಕ ಒಳ್ಳೆ ಅರಿವಿ ಸಿಗವಲ್ತು. ನಮ್ಮಪ್ಪ ನೇಕಾರ. ಅವಗ ಸಿಟ್ಟೇ ಬಂತು. "ಮಗ್ಗ ಇರೂ ಮನ್ಯಾಗ ಅರಿವಿ ಇಲ್ಲಂತೀರಲ್ಲ!" ಅಂತ ಹೊಸಾ ಕೆಂಪು ಸೀರಿದೊಂದು ತುಂಡು ಹರಿದು ಕೊಟ್ಟ. ಅದೇ ಬಣ್ಣದ ಸೀರಿನೇ ನನಗೂ ಉಡಿಸಿದ್ರು.

ಬೀಗರು ಬರೂ ಹೊತ್ತಿಗೆ ಗಂಟು ಬಿಚ್ಚಿದ್ರ, ಮೊಸರು ಕೆಂಪಗ! ಎಲ್ಲಾರೂ ಅಪ್ಪನ ಮಾರಿ ನೋಡಿದ್ವಿ. ಅಪ್ಪ ಮೊಸರು ನೋಡಿದ, ಅರಿವಿ ನೋಡಿದ.

"ನಮ್ಮ ಬಣ್ಣ ಬಿಡೂದಿಲ್ಲ. ಎಮ್ಮಿ ಏನು ತಿಂದೈತಿ ಕೇಳ್ರಿ" ಅಂದ.

ಬಟ್ಟಲ ಮುಂದ

ಇನ್ನೊಂದು ಮಾಡಾಕ ಹೊತ್ತೆಲ್ಲಿತ್ತು? ಬೀಗರು ಬಾಗಿಲಾಗ ಬಂದಿದ್ರು. ಅವ್ವ ಗಡಬಡಿಸಿ ಸಕ್ರಿ, ಯಾಲಕ್ಕಿ ಕಲಿಸಿದ್ಲು. ಪಡಸಾಲ್ಯಾಗ ಅಪ್ಪ ಆಗಲೇ ಸೀರಿ ಹರವಿ ಕುಂತಿದ್ದ. "ಬೇಕಾದಂಗ ತೊಳೀರಿ, ಬಣ್ಣ ಬಿಟ್ರ ನನ್ನ ಹೆಸರೇ ತಗೀಬ್ಯಾಡ್ರಿ!"

ಆ ಮಾತಿಗೆ ಸರಿಯಾಗಿ ನಾನು ಪುರಿ, ಶ್ರೀಖಂಡ ಹಿಡಕೊಂಡು ಬಂದೆ.

"ಇದೇನವಾ, ಕೆಂಪಗೈತಲ್ಲ?" ಹುಡುಗನ ತಾಯಿ ಕೇಳಿದ್ರು.

"ಕೇಸರಿ ರೀ" ಅಂದ್ಲು ಅವ್ವ. "ದಾಳಿಂಬರಿ ರೀ" ಅಂದ ಕಾಕಾ. "ಗುಲಾಬಿ ಹೂವಾ ರೀ" ಅಂದ ಅಪ್ಪ. ಮೂವರೂ ಒಮ್ಮೆಲೇ ಅಂದ್ರು. ಆಮ್ಯಾಲೆ ಮೂವರೂ ಒಬ್ಬರ ಮಾರಿ ಒಬ್ಬರು ನೋಡ್ಕೊಂತ ಕುಂತ್ರು.

ಆ ತಾಯಿ ಬಟ್ಟಲ ನೋಡಿದ್ರು, ನನ್ನ ಸೀರಿ ನೋಡಿದ್ರು, ಮತ್ತ ಬಟ್ಟಲ ನೋಡಿದ್ರು. ಆತು, ನನ್ನ ಸಂಬಂಧ ಮುಗೀತು ಅಂತ ಕಣ್ಣಾಗ ನೀರೇ ಬಂತು ನನಗ. ಹುಡುಗ ಮಾತ್ರ ಯಾವುದೂ ಕಿವಿಗೆ ಹಾಕ್ಕೊಳ್ಳದ ಪುರಿ ಅದ್ದಿ ಅದ್ದಿ ಬಟ್ಟಲ ಖಾಲಿ ಮಾಡಿ, ಕೆಂಪು ತುಟೀಲೆ ನನ್ನ ಕಡೆ ನೋಡಿ ನಕ್ಕ.

ತಾಯಿ ಮಗನ ತುಟಿ ನೋಡಿ ಉಸಿರು ಬಿಟ್ರು.

"ಹುಡುಗಿ ನಮಗ ಪಸಂದ ಅದಾಳ್ರಿ" ಅಂದ್ರು. ಆಮ್ಯಾಲೆ ಅಪ್ಪನ ಕಡೆ ತಿರುಗಿ ಕೈ ಮುಗಿದ್ರು. "ಮದುವಿ ಸೀರಿ ಅಷ್ಟು ಇಳಕಲ್ಲಿಂದ ತರತೇವಿ."