ಪೆನ್ಸಿಲ್ ಗುರುತು ಇದ್ದಲ್ಲಿ ಸಹಿ

ನಗು ಬಂದರೂ ನಗದೆ ಕೂರುವುದು ನನ್ನ ಕಸುಬಿನ ಅರ್ಧ ಕೆಲಸ. ಸೋಮವಾರಪೇಟೆಯ ನೋಂದಣಿ ಕಚೇರಿಯ ಎದುರು ನಮ್ಮ ಯಜಮಾನರು ಪತ್ರ ಬರಹಗಾರರಾಗಿದ್ದರು. ಅವರು ಹೋದ ಮೇಲೆ ಅದೇ ಮೇಜಿಗೆ ನಾನು ಬಂದು ಇಪ್ಪತ್ತು ವರ್ಷವಾಯಿತು. ಟೈಪ್ ಮಷಿನ್ ಹೋಗಿ ಕಂಪ್ಯೂಟರ್ ಬಂತು, ನನಗೆ ಮಂಡಿ ನೋವು ಬಂತು, ಜನ ಮಾತ್ರ ಹಾಗೇ ಇದ್ದಾರೆ. ಪಾಲು, ಉಯಿಲು, ಬೇಲಿ ಜಗಳ ಹೊತ್ತುಕೊಂಡು ಬರುತ್ತಲೇ ಇರುತ್ತಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ ಮಾತು: "ಓದದೆ ಸಹಿ ಹಾಕಬೇಡಿ."

ಈಚೆಗೆ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ನನಗೇ ಒಂದು ಲಕೋಟೆ ಬಂತು, ಗದಗದ ಕಡೆಯ ನನ್ನ ತವರಿನಿಂದ. ಅದರ ಹಿಂದೆಯೇ ತಮ್ಮನ ಫೋನು.

"ಅಕ್ಕಾ, ಓದೂದೇನೂ ಬ್ಯಾಡ, ಕಣ್ಣಿಗೆ ತ್ರಾಸ ಆಕ್ಕೈತಿ. ಪೆನ್ಸಿಲ್ ಗುರುತು ಮಾಡೀನಿ. ಅಲ್ಲೇ ಸಹಿ ಮಾಡಿ ಕಳಿಸಿಬಿಡು."

ಅಪ್ಪನ ಮನೆಯಲ್ಲಿ ನನ್ನ ಅರ್ಧ ಪಾಲು ಬಿಟ್ಟುಕೊಡುವ ಕಾಗದ ಅಂತ ಒಡೆಯುವ ಮೊದಲೇ ಗೊತ್ತಾಯಿತು. ಇಂಥ ಎಷ್ಟು ಕಾಗದ ಟೈಪ್ ಮಾಡಿಲ್ಲ ನಾನು! ಒಡೆದರೆ ಜಗಳ ಶುರು. ಒಡೆಯದಿದ್ದರೆ ಇನ್ನೂ ಸ್ವಲ್ಪ ದಿನ ತವರು ತವರಾಗಿಯೇ ಇರುತ್ತದೆ. ಡ್ರಾಯರಿಗೆ ಹಾಕಿ ಬೀಗ ಹಾಕಿದೆ.

೧. ಮರ ಒಬ್ಬನದು, ಬಳ್ಳಿ ಒಬ್ಬನದು

ಅದೇ ವಾರ ಅಣ್ಣ ತಮ್ಮ ಇಬ್ಬರು ಬಂದರು. ತೋಟವೆಲ್ಲ ಪಾಲಾಗಿತ್ತು, ಗಡಿಯಲ್ಲಿ ಒಂದು ಸಿಲ್ವರ್ ಓಕ್ ಮರ ಉಳಿದಿತ್ತು. ಮರ ಅಣ್ಣನ ಕಡೆಗೆ. ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಬುಡ ತಮ್ಮನ ಕಡೆಗೆ.

"ನನ್ನ ಮರದಿಂದ ನಿನ್ನ ಬಳ್ಳಿ ಇಳಿಸ್ಕೊ" ಅಂದ ಅಣ್ಣ.

"ನನ್ನ ಬಳ್ಳಿಯಿಂದ ನಿನ್ನ ಮರ ತೆಗ್ದುಕೊ" ಅಂದ ತಮ್ಮ.

ಮರದ ಯಾವ ಬದಿ ಯಾರ ತೋಟಕ್ಕೆ ಮುಖ ಮಾಡಿದೆಯೋ ಆ ಬದಿಯ ಮೆಣಸು ಅವರಿಗೆ ಅಂತ ಒಪ್ಪಂದ ಟೈಪ್ ಮಾಡಿ ಕೊಟ್ಟೆ. ಇಬ್ಬರೂ ಸಂತೋಷವಾಗಿ ಹೋದರು. ಮೆಣಸು ಕೊಯ್ಯುವ ದಿನ ಎರಡು ಬದಿಗೆ ಎರಡು ಏಣಿ ಹಾಕಿ ಹತ್ತಿದರಂತೆ. ತುದಿಯಲ್ಲಿ ಮುಖಾಮುಖಿ. ಅಲ್ಲಿ ಒಂದು ಗೊಂಚಲು ಸರಿಯಾಗಿ ನಡುವೆ ನೇತಾಡುತ್ತಿತ್ತು. ಮೊದಲು ಇಳಿದವನು ಸೋತ ಹಾಗೆ. ಇಬ್ಬರೂ ಇಳಿಯಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಕೂಗಿ ಕೂಗಿ ಸಾಕಾಗಿ ನನಗೆ ಫೋನ್ ಮಾಡಿದ.

"ಅಮ್ಮಾ, ಆ ಕಾಗದದಲ್ಲಿ ಇಳಿಯೋ ವಿಷಯ ಏನಾದ್ರೂ ಬರ್ದಿದೀರಾ?"

ಬರೆದಿರಲಿಲ್ಲ. ಅಷ್ಟರಲ್ಲಿ ಅವರ ತಾಯಿ ಅಂಗಳದಿಂದಲೇ ಕೂಗಿದ್ದು ಫೋನಿನಲ್ಲಿ ನನಗೂ ಕೇಳಿಸಿತು: "ಕಡುಬು ಆರ್ತಾ ಐತೆ! ಲೇಟಾಗಿ ಬಂದೋನಿಗೆ ತುಪ್ಪ ಇಲ್ಲ!"

ಇಬ್ಬರೂ ಒಂದೇ ಏಣಿಯಲ್ಲಿ ಇಳಿದರಂತೆ.

೨. ಸೋಮವಾರದ ಉಯಿಲು

ಒಬ್ಬ ಅಜ್ಜ ಇದ್ದಾರೆ. ಸೋಮವಾರ ಸಂತೆಗೆ ಬರುತ್ತಾರೆ, ತರಕಾರಿ ಕೊಳ್ಳುವ ಮೊದಲು ಉಯಿಲು ಬದಲಿಸುತ್ತಾರೆ. ಒಂದು ವಾರ ಮಗ ಜೀಪಿನಲ್ಲಿ ಕರೆತಂದರೆ ತೋಟ ಮಗನಿಗೆ. ಮುಂದಿನ ವಾರ ಮಗಳು ಕಾರಿನಲ್ಲಿ ಕರೆತಂದರೆ ತೋಟ ಮಗಳಿಗೆ. ಸಾಕ್ಷಿಗೆ ಟೀ ಅಂಗಡಿಯವನೂ ಬಾಳೆಹಣ್ಣಿನವನೂ. ಅವರಿಗೆ ಉಯಿಲು ಬಾಯಿಪಾಠ. ನಾನು ಟೈಪ್ ಮಾಡುವಾಗ, "ಅಮ್ಮಾ, ಹೋದ ಸಲ ಕೆರೆ ಪಕ್ಕದ ಏಲಕ್ಕಿ ಬಿಟ್ಟೋಗಿತ್ತು, ಅದನ್ನೂ ಸೇರಿಸಿ" ಅಂತ ಬಾಳೆಹಣ್ಣಿನವನೇ ತಿದ್ದುತ್ತಾನೆ.

ಒಂಬತ್ತನೆಯ ಉಯಿಲಿಗೆ ನನ್ನ ತಾಳ್ಮೆ ಹೋಯಿತು.

"ಅಜ್ಜಾ, ಇಬ್ಬರಿಗೂ ಸಮ ಅಂತ ಬರೆದುಬಿಡಿ. ಒಂದೇ ಸಲಕ್ಕೆ ಮುಗಿಯುತ್ತೆ."

ಅಜ್ಜ ಆಚೆ ಈಚೆ ನೋಡಿ ಹತ್ತಿರ ಬಂದರು. "ಅದು ನಂಗೊತ್ತಿಲ್ವೇನವ್ವಾ? ಸಮ ಅಂತ ಮೊದಲೇ ಒಂದು ಬರೆಸಿ ಟ್ರಂಕಲ್ಲಿ ಇಟ್ಟಿದ್ದೆ. ಆರು ತಿಂಗ್ಳು ಒಬ್ರೂ ನನ್ನ ಸಂತೆಗೆ ಕರ್ಕಬರ್ಲಿಲ್ಲ."

೩. ಹಲಸಿನ ಮರದ ಮಾಲೀಕ

ಈ ನಡುವೆ ತಮ್ಮನ ಫೋನು ಎರಡು ಸಲ ಬಂತು. ಸಹಿ ಆಯ್ತೇನು ಅಂತ. ಕಣ್ಣು ನೋವು ಅಂದೆ.

ಆಗಲೇ ಅಕ್ಕಪಕ್ಕದ ಮನೆಯವರಿಬ್ಬರು ಬಂದರು. ಅವರ ಬೇಲಿಯಲ್ಲಿ ಒಂದು ಹಲಸಿನ ಮರ. ಹತ್ತು ವರ್ಷದಿಂದ, ಕಾಯಿ ಬಿಟ್ಟಾಗ ಇಬ್ಬರದೂ, ಎಲೆ ಬಿದ್ದು ಹಂಚಿನ ಸಂದು ಕಟ್ಟಿದಾಗ ಇಬ್ಬರದೂ ಅಲ್ಲ. ಮೊನ್ನೆ ಹಣ್ಣಿನ ವಾಸನೆಗೆ ಆನೆ ಬಂದು ಮರವನ್ನೇ ಕೆಡವಿತು. ಅರಣ್ಯ ಇಲಾಖೆಯಿಂದ ಪರಿಹಾರ ಸಿಗಬಹುದು ಅಂತ ಯಾರೋ ಹೇಳಿದ್ದಾರೆ. "ನನ್ನ ಮರ" ಅಂತ ಇಬ್ಬರೂ ಒಂದೊಂದು ಅರ್ಜಿ ಟೈಪ್ ಮಾಡಿಸಿದರು. ಇನ್ನೇನು ಪ್ರಿಂಟ್ ತೆಗೆಯಬೇಕು, ಅಷ್ಟರಲ್ಲಿ ಫಾರೆಸ್ಟ್ ಗಾರ್ಡ್ ಬಂದ.

"ಮರ ರಸ್ತೆಗೆ ಅಡ್ಡ ಬಿದ್ದಿದೆ. ಬಸ್ ನಿಂತುಬಿಟ್ಟಿದೆ. ಯಾರದ್ದು ಮರ? ಅವರು ಈಗಲೇ ತೆಗೆಸಬೇಕು."

ಇಬ್ಬರೂ ಛಾವಣಿ ನೋಡಿದರು.

"ಮಾಲೀಕರು ಅನ್ನೋ ಕಡೆ ಏನು ಬರೀಲಿ?" ಅಂತ ನಾನು ಕೇಳಿದೆ.

ಹತ್ತು ವರ್ಷದಲ್ಲಿ ಮೊದಲ ಸಲ ಇಬ್ಬರದೂ ಒಂದೇ ಉತ್ತರ. "ಆನೆ ಅಂತ ಬರೀರಿ ಅಮ್ಮಾ."

೪. ಲಕೋಟೆ

ಅವರು ಹೋದ ಮೇಲೆ ನನಗೇ ನಾಚಿಕೆಯಾಯಿತು. ಓದದೆ ಸಹಿ ಹಾಕಬೇಡಿ ಅಂತ ಊರಿಗೆಲ್ಲ ಹೇಳುವವಳು ಲಕೋಟೆಯನ್ನೇ ಒಡೆಯದೆ ಕೂತಿದ್ದೇನಲ್ಲ! ಡ್ರಾಯರ್ ತೆಗೆದೆ. ಮೇಲಿನ ಕಾಗದ ಅಂದುಕೊಂಡದ್ದೇ: ಅಪ್ಪನ ಮನೆ ಮಾರಲು ನನ್ನ ಒಪ್ಪಿಗೆ ಇದೆ, ನನಗೆ ಪಾಲು ಬೇಡ. ಕೆಳಗೆ ಪೆನ್ಸಿಲ್ ಗುರುತು. ಅದರ ಹಿಂದೆ, ಕೈತಪ್ಪಿ ಸೇರಿತ್ತೋ ಏನೋ, ನಮ್ಮ ವಂಶವೃಕ್ಷದ ನಕಲು. ಅಪ್ಪ, ಅಮ್ಮ, ತಮ್ಮ, ನಾನು. ಅಪ್ಪ ಅಮ್ಮನ ಹೆಸರಿನ ಹಾಗೆಯೇ ನನ್ನ ಹೆಸರಿನ ಮುಂದೆಯೂ 'ಮೃತ' ಅಂತ ಇತ್ತು.

ಫೋನ್ ಮಾಡಿದೆ. "ಅಲ್ಲೋ, ನಾ ಯಾವಾಗ ಸತ್ತೆ?"

ಆ ಕಡೆ ಬಾಗಿಲು ಮುಚ್ಚಿಕೊಂಡ ಸದ್ದು. ಆಮೇಲೆ, "ಹನ್ನೊಂದು ವರ್ಷ ಆತಕ್ಕಾ. ಮನಿ ಖಾತೆ ನನ್ನ ಹೆಸರಿಗೆ ಬದಲಿ ಮಾಡೂ ಮುಂದ ನೀನೂ ಬರಬೇಕಂದ್ರು. ನೀ ಅಷ್ಟು ದೂರದಿಂದ ಬಸ್ಸು ಬದಲಿಸಿಕೋತ ಬರೂದು ನೆನಸಿ ಕರಳು ಚುರ್ ಅಂತು."

"ಅದಕ್ಕ ಕೊಂದುಬಿಟ್ಟಿ?"

"ಬರೇ ಕಾಗದದಾಗಕ್ಕಾ!"

ಹನ್ನೊಂದು ವರ್ಷ ಯಾರಿಗೂ ತೊಂದರೆ ಕೊಡದೆ ಸತ್ತಿದ್ದೆ. ಸಿಕ್ಕಿಬಿದ್ದದ್ದು ಲಕೋಟೆ ಬರುವ ಸ್ವಲ್ಪ ಮೊದಲು, ಅವನ ಮಗನ ಮದುವೆಯಲ್ಲಿ. ಲಗ್ನಪತ್ರಿಕೆಯಲ್ಲಿ ಆಶೀರ್ವಾದ ಮಾಡುವ ಹಿರಿಯರ ಸಾಲಿನಲ್ಲಿ ನನ್ನ ಹೆಸರೇ ಮೊದಲು. 'ದಿವಂಗತ' ಅಂತ ಹಾಕಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ. ಮನೆ ಕೊಳ್ಳುವವರ ವಕೀಲರೂ ಊಟಕ್ಕೆ ಬಂದಿದ್ದರು. ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ನಾನು ಮೂರನೆಯ ಹೋಳಿಗೆಗೆ ತುಪ್ಪ ಕೇಳಿದ್ದನ್ನು ಕಣ್ಣಾರೆ ಕಂಡಿದ್ದಾರೆ. ಮರುದಿನವೇ ತಮ್ಮನಿಗೆ ಹೇಳಿದರಂತೆ, "ಮನಿ ಕಾಗದ ಮುಂದ ಹೋಗಬೇಕಂದ್ರ, ಆ ಸತ್ತಾಕಿದೂ ಒಂದು ಸಹಿ ಬೇಕ್ರೀ."

"ಸತ್ತವರ ಸಹಿ ಎಲ್ಲೂ ನಡಿಯಂಗಿಲ್ಲಪ್ಪಾ" ಅಂದೆ. "ಮೊದಲು ಬಂದು ನನ್ನ ಬದುಕಿಸು."

ಮುಂದಿನ ಸೋಮವಾರ ಬಂದ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಬಸ್ಸು ಬದಲಿಸಿ ಬದಲಿಸಿ ಸೊಂಟ ಹಿಡಿದುಕೊಂಡು. ಅವನು ನೋಟರಿಗೆ ಕೊಡಬೇಕಾದ ಪ್ರಮಾಣಪತ್ರ ಅವನ ಮಾತಿನಲ್ಲೇ ನಾನು ಟೈಪ್ ಮಾಡಿದೆ: ಅಕ್ಕ ಜೀವಂತ ಇದ್ದಾಳೆ. ಸತ್ತಳೆಂದು ನಾನು ಹೇಳಿದ್ದು ಸುಳ್ಳು. ಅಪ್ಪನ ಮನೆಯಲ್ಲಿ ಅವಳದು ಸರಿಯಾಗಿ ಅರ್ಧ ಪಾಲು. ಮಾರಿದರೆ ಅರ್ಧ ಅವಳ ಕೈಗೆ. ಅಲ್ಲಿಯವರೆಗೆ ಪಡಸಾಲೆಯ ಬೀಗದ ಕೈ ಅವಳ ಹತ್ತಿರ.

"ಎಲ್ಲಿ ಸಹಿ ಮಾಡ್ಲಿ?" ಅಂದ.

"ಪೆನ್ಸಿಲ್ ಗುರುತು ಮಾಡೀನಿ ನೋಡು."

ಹಾಕಿಯೇಬಿಟ್ಟ. ತನ್ನ ಹತ್ತನೆಯ ಉಯಿಲಿಗೆ ಕಾದು ಕೂತಿದ್ದ ಅಜ್ಜ ಗಾಬರಿಯಾದರು. "ಏನ್ ಸ್ವಾಮಿ, ಓದ್ದೆ ಹಾಕಿಬಿಟ್ರಲ್ಲ?"

"ನಮ್ಮಕ್ಕ ಬರದಾಳ. ಓದೂದೇನೈತ್ರೀ ಅದರಾಗ?" ಅಂದ ತಮ್ಮ, ಎದೆಯುಬ್ಬಿಸಿ.

"ನೋಟರಿ ಹತ್ತಿರ ಹೋಗೂ ಮೊದಲ ಒಮ್ಮೆ ಓದು. ಬ್ಯಾಡನಿಸಿದರ ಇಲ್ಲೇ ಹರಿದುಹಾಕು" ಅಂದೆ.

ಕನ್ನಡಕ ಹಾಕಿಕೊಂಡು ಓದಿದ. ಇನ್ನೊಂದು ಸಲ ಓದಿದ. ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಹರಿಯುವ ಹಾಗೆ ಮಾಡಿದ, ನನ್ನ ಮುಖ ನೋಡಿದ, ಮತ್ತೆ ಮಡಿಚಿ ಜೇಬಿಗೆ ಇಟ್ಟುಕೊಂಡ. ನೋಟರಿಯ ಕಡೆಗೆ ಎದ್ದು ಹೊರಟವನು ಬಾಗಿಲಲ್ಲಿ ತಿರುಗಿ ನಿಂತ.

"ಏನೇ ಅನ್ನಕ್ಕಾ, ಸತ್ತಿದ್ದಾಗ ನೀ ಭಾಳ ಒಳ್ಳೆಯಾಕಿ ಇದ್ದಿ."