ಅಮ್ಮ, ನಾನು ಮತ್ತು ಮಡಿಲಿಗೆ ಬಿದ್ದ ಎಲೆ

ನಾನು ಬೆನ್ನಿಗೆ ಚೀಲ ಏರಿಸಿದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಜೊತೆಗೆ ಅಮ್ಮನೂ ಇದ್ದರಂತೂ ಕೇಳಲೇಬೇಡಿ. ಸಿಂಗಾಪುರದ ಚೋವಾ ಚು ಕಾಂಗ್‌ನ ನಮ್ಮ ಬ್ಲಾಕಿನಲ್ಲಿ ಈಗ ಕೋಲೂರಿ ಲಿಫ್ಟ್ ಕಾಯುವ ಈ ಮೈಸೂರಿನ ಹೆಂಗಸು, ಕೆಲವು ವರ್ಷಗಳ ಹಿಂದೆ ಸೀರೆಯ ಕೆಳಗೆ ಶೂ ಹಾಕಿಕೊಂಡು ನನ್ನ ಜೊತೆ ಬೊಲಿವಿಯಾದ ಲಾ ಪಾಜ್‌ಗೆ ಬಂದಿದ್ದಳು. ಮೋಡಕ್ಕೆ ತಲೆ ತಾಗುವಷ್ಟು ಎತ್ತರದ ಊರು. ಇದ್ದದ್ದು ಮೂರೇ ದಿನ.

ಪೊಟ್ಟಣ

ನಾವಿಳಿದುಕೊಂಡಿದ್ದ ಹಾಸ್ಟೆಲಿನ ಕೋಣೆಯಲ್ಲಿ ಚೀಲ ಬಿಚ್ಚಿದರೆ, ಅಮ್ಮ ಮನೆಯಲ್ಲೇ ಪ್ಯಾಕ್ ಮಾಡಿ ತಂದಿದ್ದ ಚಟ್ನಿಪುಡಿಯ ಪೊಟ್ಟಣಗಳೆಲ್ಲ ಬಲೂನಿನಂತೆ ಉಬ್ಬಿ ಕೂತಿದ್ದವು.

“ಪುಡಿ ಕೆಟ್ಟು ಹೋಯ್ತೇನೇ?”

“ಇಲ್ಲಮ್ಮ. ಮೇಲಕ್ಕೆ ಬಂದಹಾಗೆ ಹೊರಗಿನ ಗಾಳಿಯ ಒತ್ತಡ ಕಡಿಮೆ ಆಗತ್ತೆ, ಆಗ ಒಳಗಿನ ಗಾಳಿ...”

ನಾನು ಬಗ್ಗಿ ಪಾಠ ಹೇಳುತ್ತಿರುವಾಗಲೇ ಅಮ್ಮ ಬಳೆಯಲ್ಲಿದ್ದ ಪಿನ್ನು ತೆಗೆದು ಚುಚ್ಚಿದಳು. ಅರ್ಧ ಪುಡಿ ನನ್ನ ಮುಖದ ಮೇಲಿತ್ತು.

“ಮೊದಲು ಆ ಸೈನ್ಸ್ ಒರೆಸ್ಕೋ,” ಎಂದಳು.

ಸುಣ್ಣ

ಮರುದಿನ ಅಮ್ಮನಿಗೆ ತಲೆಸಿಡಿತ. ನಾಲ್ಕು ಮೆಟ್ಟಿಲು ಹತ್ತಿದರೆ ಐದು ನಿಮಿಷ ಕೂರಬೇಕು. ಹಾಸ್ಟೆಲಿನ ಯಜಮಾನಿ ನೋಡಿ ಮರುಗಿ ಒಂದು ತಟ್ಟೆ ಕೋಕಾ ಎಲೆ ತಂದಿಟ್ಟಳು. ಎತ್ತರದ ಸುಸ್ತಿಗೆ ಅಲ್ಲಿಯವರೆಲ್ಲ ಅಗಿಯುವುದು ಅದನ್ನೇ. ಸಂತೆಯಲ್ಲಿ ಮೂಟೆಗಟ್ಟಲೆ ಮಾರುತ್ತಾರೆ.

ಅಮ್ಮ ಒಂದೊಂದೇ ಎಲೆ ಎತ್ತಿ ಸೆರಗಿಗೆ ಒರೆಸಿ, ತೊಟ್ಟು ಚಿವುಟಿ, ಎಲೆಯ ಬೆನ್ನಿಗೆ ತೋರುಬೆರಳು ಸವರಿ ತೋರಿಸಿ ಅಚ್ಚ ಕನ್ನಡದಲ್ಲಿ ಕೇಳಿದಳು: “ಸುಣ್ಣ ಎಲ್ಲಮ್ಮಾ?”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಜಮಾನಿ ಮಾತ್ರ ಬೆರಳನ್ನೇ ನೋಡಿ, ತಲೆಯಾಡಿಸಿ ಒಳಗೆ ಹೋಗಿ, ಎಲೆಯ ಜೊತೆ ಹಾಕಿಕೊಳ್ಳುವ ಬೂದಿಯ ಉಂಡೆ ತಂದುಕೊಟ್ಟಳು.

ಅಮ್ಮ ಅಗಿಯುತ್ತಾ ಹೇಳಿದಳು: “ನಮ್ಮೋರೇ ಕಣೇ. ಅಡಿಕೆ ಒಂದು ಮರೆತಿದಾರೆ ಅಷ್ಟೇ.”

ತಾಂಬೂಲ

ಹೊರಡುವ ದಿನ ಅಮ್ಮ ಚೀಲದ ತಳದಿಂದ ಒಂದು ರವಿಕೆ ಕಣ ತೆಗೆದು, ಯಜಮಾನಿಗೆ ಕುಂಕುಮವಿಟ್ಟು ಕೊಟ್ಟಳು. ಅವಳೇನು ಕಡಿಮೆಯೇ? ಎರಡು ಬಾಳೆಹಣ್ಣು, ಎರಡು ಹಿಡಿ ಎಲೆ ತಂದು ಅಮ್ಮನ ಸೆರಗಿಗೇ ಸುರಿದಳು.

ಕೊಕೇನ್ ಮಾಡುವುದು ಈ ಎಲೆಯಿಂದಲೇ. ಅಲ್ಲಿ ಮದ್ದಾದ ಎಲೆಗೆ ಸಿಂಗಾಪುರದಲ್ಲಿ ಜೈಲು. ಚಾಂಗಿ ಏರ್‌ಪೋರ್ಟಿನಲ್ಲಿ ಒಂದೇ ಒಂದು ಎಲೆ ಉದುರಿದರೂ ನನ್ನ ಕೆಲಸ, ಅಲ್ಲೇ ನೆಲೆಸಲು ಸಿಕ್ಕ ಪಿಆರ್ ಎಲ್ಲಕ್ಕೂ ನಮಸ್ಕಾರ.

ಟ್ಯಾಕ್ಸಿಯಲ್ಲಿ ಗೋಗರೆದೆ. “ಅಮ್ಮ, ದಯವಿಟ್ಟು ಎಸೆದುಬಿಡು.”

“ಮಡಿಲು ತುಂಬಿದ ತಾಂಬೂಲ ಎಸೆಯೋದಾ? ನಿನ್ನ ಹೀಗೇನೇ ಬೆಳೆಸಿದ್ದು ನಾನು?”

“ಜೈಲಿಗೆ ಹಾಕ್ತಾರಮ್ಮ.”

“ತಾಂಬೂಲಕ್ಕಾ? ಎಂಥ ಊರಲ್ಲಿದೀಯೇ ನೀನು.”

ಏರ್‌ಪೋರ್ಟಿನಲ್ಲಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಬೋರ್ಡಿಂಗ್ ಪಾಸ್ ತರಲು ಹೋದೆ. ಬರುವಷ್ಟರಲ್ಲಿ ಸೆರಗು ಖಾಲಿ.

“ಎಸೆದೆಯಾ?”

ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಮಾತಾಡಲು ಬಾಯಲ್ಲಿ ಜಾಗವಿರಲಿಲ್ಲ. ಎರಡೂ ಕೆನ್ನೆ ಆ ಚಟ್ನಿಪುಡಿ ಪೊಟ್ಟಣದಂತೆ ಉಬ್ಬಿದ್ದವು.

ನಾನು ಚೀಲ ತಲೆಕೆಳಗು ಮಾಡಿ, ಸೀರೆಗಳನ್ನು ಒಂದೊಂದೇ ಕೊಡವಿ, ತೊಟ್ಟೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಬೆವರೊರೆಸುತ್ತಾ ಎದ್ದೆ. ಅಮ್ಮ ಬಾಯಿ ತೊಳೆದು ಬಂದು, ನನ್ನ ಚೀಲವನ್ನೂ ತನ್ನ ಹೆಗಲಿಗೇರಿಸಿ, ದಾಪುಗಾಲಿಡುತ್ತಾ ಗೇಟಿನ ಕಡೆ ನಡೆದಳು. ಹಿಂದೆ ಏದುಸಿರು ಬಿಡುತ್ತಾ ಓಡಿದವಳು ನಾನು.

ಈಗ ಸಂಜೆ ಹೊತ್ತು ಅಮ್ಮ ಬ್ಲಾಕಿನ ಬುಡದ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನ ಕಲ್ಲುಬೆಂಚಿನಲ್ಲಿ ಆಂಟಿಯರ ಮಧ್ಯೆ ಕೂರುತ್ತಾಳೆ. ಮೊನ್ನೆ ಮಂಡಿನೋವು, ಕ್ಯಾಲ್ಸಿಯಂ ಮಾತ್ರೆಯ ಮಾತು ಬಂದಾಗ ನನ್ನ ಕಡೆ ತಿರುಗಿ, “ಇದಕ್ಕೆಲ್ಲ ಒಂದು ಎಲೆ ಇತ್ತಲ್ವೇನೇ?” ಎಂದಳು.

“ಮೆಲ್ಲಗೆ ಅಮ್ಮ.”

ಕೋಲೂರಿ ಎದ್ದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: “ಟಿಕೆಟ್ ಬುಕ್ ಮಾಡು. ಈ ಸಲ ಅಡಿಕೆ ನಾವೇ ತಗೊಂಡು ಹೋಗೋಣ.”